ಎರಡೂವರೆ ಇಂಚು

"ನನ್ನ ಗಾಡಿ ಮೂತಿ ಕೆಳಗೆ ಹಾಕ್ಕೊಂಡು ನಿಂತಿದೆ. ಏನೋ ಆಗಿದೆ ಅದಕ್ಕೆ."

ಅವನು ಅವಳ ಮುಂದೆ ಆಡಿದ ಮೊದಲ ಮಾತು ಇದು. ಇಂಚಕ್ಕ ಆಗ ಒಂದು ಲಾರಿಯ ಅಡಿಯಲ್ಲಿ ಅಂಗಾತ ಮಲಗಿದ್ದಳು. ಅವಳಿಗೆ ಕಂಡದ್ದು ಒಂದು ಜೊತೆ ಕಂದು ಬೂಟು ಮಾತ್ರ. ಬೂಟಿನ ತುದಿಯಲ್ಲಿ ಪುಡಿ ಗಾಜು ಮಿನುಗುತ್ತಿತ್ತು.

"ಏನೂ ಆಗಿಲ್ಲ, ಅದು ಹುಟ್ಟಿದ್ದೇ ಹಾಗೆ," ಅಂದಳು ಕೆಳಗಿನಿಂದಲೇ.

"ನೀವು ನೋಡೇ ಇಲ್ವಲ್ಲ ಮೇಡಂ?"

"ಪಿಕಪ್ ತಾನೆ? ಶಬ್ದದಲ್ಲೇ ಗೊತ್ತಾಯ್ತು. ಖಾಲಿ ಇದ್ದಾಗ ಮುಂದೆ ತಗ್ಗು, ಹಿಂದೆ ಎತ್ತರ. ಹೊರೆ ಹೇರಿದ ಮೇಲೆ ಹಿಂದೆ ಕುಸಿದು ಸಮ ಆಗುತ್ತೆ. ಹೊರೆ ಬರುತ್ತೆ ಅಂತ ಕಾಯ್ಕೊಂಡು ನಿಂತಿದೆ ಅಷ್ಟೆ."

"ಐದು ವರ್ಷದಿಂದ ಕಾಯ್ತಾ ಇದೆಯಾ ಪಾಪ?"

ಇಂಚಕ್ಕನಿಗೆ ನಗು ಬಂತು. ಚಕ್ರದ ಹಲಗೆಯ ಮೇಲೆ ಜಾರಿಕೊಂಡು ಹೊರಗೆ ಬಂದು ನೋಡಿದರೆ, ಬೂಟಿನ ಮೇಲೆ ಒಬ್ಬ ಮನುಷ್ಯನೂ ಇದ್ದ. ನಲವತ್ತರ ಆಸುಪಾಸು. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು, ಕಿವಿಯ ಮೇಲೆ ಸಿಕ್ಕಿಸಿಕೊಂಡ ಗುರುತು ಹಾಕುವ ಪೆನ್ಸಿಲು. ಎರಡೂ ಕೈ ತುಂಬ ಸಣ್ಣ ಸಣ್ಣ ಗೀರು.

"ಬೆಕ್ಕು ಸಾಕಿದ್ದೀರಾ?" ಅಂತ ಕೇಳಿದಳು.

ಅವನು ತನ್ನ ಕೈಯನ್ನು ತಾನೇ ಮೊದಲ ಸಲ ಕಂಡವನಂತೆ ನೋಡಿಕೊಂಡ. "ಇಲ್ಲ, ಗಾಜು ಸಾಕಿದ್ದೀನಿ. ಕಿಟಕಿಗೆ, ಬಾಗಿಲಿಗೆ ಕತ್ತರಿಸಿ ಕೂರಿಸೋದು ನನ್ನ ಕೆಲಸ. ಅದೂ ಪರಚುತ್ತೆ ನೋಡಿ."

ಇಂಚಕ್ಕ ಅನ್ನುವುದು ಅವಳ ನಿಜವಾದ ಹೆಸರಲ್ಲ. ಸೊಂಟದ ಬೆಲ್ಟಿಗೆ ಸದಾ ಅಳತೆ ಟೇಪು ಸಿಕ್ಕಿಸಿಕೊಂಡು, ಯಾರು ಏನು ಕೇಳಿದರೂ "ಎಷ್ಟು ಇಂಚು?" ಅಂತ ತಿರುಗಿ ಕೇಳುವವಳಿಗೆ ಆ ಬೀದಿಯ ಡ್ರೈವರುಗಳು ಇಟ್ಟ ಹೆಸರು. ಗಾಡಿಗೆ ಸ್ಪ್ರಿಂಗ್ ಕಟ್ಟುವ ಈ ಸಸ್ಪೆನ್ಷನ್ ವರ್ಕ್‌ಶಾಪ್ ಅವಳ ಅಪ್ಪನದು. ನಲವತ್ತು ವರ್ಷ ಸ್ಪ್ರಿಂಗ್ ಬಡಿದು ಬಡಿದು ಈಗ ಅಪ್ಪನ ಕೈ ನಡುಗುತ್ತದೆ. ಬಾಗಿಲ ಬಳಿ ಯಾವುದೋ ಹಳೇ ಕಾರಿನ ಸೀಟು ಹಾಕಿಕೊಂಡು ಕೂತಿರುತ್ತಾನೆ. ಕೈ ಮಾಡಲಾಗದ ಕೆಲಸವನ್ನೆಲ್ಲ ಬಾಯಿ ಮಾಡುತ್ತದೆ.

ಅವಳಿಗೆ ಮೂವತ್ತಾರು ದಾಟಿತ್ತು. ನೋಡಲು ಬಂದ ಗಂಡುಗಳೆಲ್ಲ ಅವಳ ಉಗುರಿನ ಸಂದಿಯ ಗ್ರೀಸ್ ನೋಡಿ, "ಮದುವೆ ಆದ ಮೇಲೆ ಇದೆಲ್ಲ ಬಿಡ್ತೀರಲ್ಲ?" ಅಂತ ಕೇಳಿದವರೇ. ಅವಳು "ಇಲ್ಲ" ಅಂದವಳೇ. ಆ ಪುಟವನ್ನು ಮಡಚಿಟ್ಟು ಆರು ವರ್ಷವಾಗಿತ್ತು. ಬೇಕು ಅಂತ ಯಾರ ಮುಂದೂ ಬಾಯಿಬಿಟ್ಟವಳಲ್ಲ. ಬೇಡ ಅನ್ನಿಸಿದ್ದೂ ಇಲ್ಲ.

ಆ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ. ಬಂದ ಪ್ರತಿ ಗಾಡಿಗೂ ಒಂದು ರಟ್ಟಿನ ಕಾರ್ಡು, ಕಾರ್ಡಿನಲ್ಲಿ ಮೂರು ಪ್ರಶ್ನೆ. ಏನು ಹೇರ್ತೀರಿ? ಎಲ್ಲಿ ಓಡಿಸ್ತೀರಿ? ಪಕ್ಕದ ಸೀಟಲ್ಲಿ ದಿನಾ ಯಾರು ಕೂರ್ತಾರೆ? ಮೂರಕ್ಕೂ ಉತ್ತರ ಬರೆದ ಮೇಲೇ ಸ್ಪ್ಯಾನರ್ ಎತ್ತುವುದು. ಮೂರನೆಯದಕ್ಕೆ ಒಂದು ಕಥೆಯುಂಟು. ಹಿಂದೆ ಒಬ್ಬ ಡ್ರೈವರನ ವ್ಯಾನು ಯಾವಾಗಲೂ ಒಂದೇ ಪಕ್ಕಕ್ಕೆ ವಾಲುತ್ತಿತ್ತಂತೆ. ಅಪ್ಪ ಮೂರು ಸಲ ಸ್ಪ್ರಿಂಗ್ ಬದಲಾಯಿಸಿದ, ಮೂರು ಸಲವೂ ವಾಲಿತು. ಕಡೆಗೆ ಒಂದು ದಿನ ರಸ್ತೆಯಲ್ಲಿ ನೋಡಿದರೆ, ಪಕ್ಕದ ಸೀಟಿನಲ್ಲಿ ಅವನ ಅತ್ತೆ! ಆಕೆಯ ತೂಕ ಇಲ್ಲಿ ಬರೆಯುವುದು ಬೇಡ. ಅಂದಿನಿಂದ ಅಪ್ಪನ ಮಾತು ಒಂದೇ: "ಗಾಡಿ ನೋಡಿ ಸ್ಪ್ರಿಂಗ್ ಕಟ್ಟಬೇಡ, ಹೊರೆ ನೋಡಿ ಕಟ್ಟು."

ಇಂಚಕ್ಕ ಕಾರ್ಡು ತೆಗೆದಳು.

"ಏನು ಹೇರ್ತೀರಿ?"

"ಗಾಜಿನ ಹಾಳೆ. ಒಂದ್ಸಲಕ್ಕೆ ನಾಲ್ಕೋ ಐದೋ. ಹಿಂದೆ ಕುಸಿಯೋವಷ್ಟು ಭಾರ ಇರಲ್ಲ. ಬ್ರೇಕ್ ಹಾಕಿದ್ರೆ ಎಲ್ಲಾ ಮುಂದಕ್ಕೆ ಜಾರುತ್ತೆ."

"ಎಲ್ಲಿ ಓಡಿಸ್ತೀರಿ?"

"ಹೊಸ ಕಟ್ಟಡ ಎಲ್ಲೆಲ್ಲಿ ಏಳುತ್ತೋ ಅಲ್ಲೆಲ್ಲಾ. ಕಲ್ಲು, ಜಲ್ಲಿ, ಗುಂಡಿ."

ಎರಡನ್ನೂ ಬರೆದುಕೊಂಡಳು. ಮೂರನೆಯದನ್ನು ಕೇಳಲು ತಲೆ ಎತ್ತಿದಾಗ ಅವನು ಅವಳನ್ನೇ ನೋಡುತ್ತಿದ್ದ. ಕೆನ್ನೆಯ ಮೇಲಿದ್ದ ಕಪ್ಪು ಗೆರೆಯನ್ನು ನೋಡುತ್ತಿದ್ದಾನೆ ಅಂದುಕೊಂಡು ತೋಳಿನಿಂದ ಒರೆಸಿಕೊಂಡಳು. ಗೆರೆ ಇನ್ನೂ ಅಗಲವಾಯಿತು.

"ಈಗ ಆ ಕಡೆಗೂ ಬಂತು," ಅಂದ ಅವನು, ತನ್ನ ಕೆನ್ನೆಯನ್ನು ಮುಟ್ಟಿ ತೋರಿಸುತ್ತ.

ಹಾಗಾಗಿ ಮೂರನೆಯ ಸಾಲು ಖಾಲಿ ಉಳಿಯಿತು.

"ಎರಡು ದಾರಿ ಇದೆ," ಅಂದಳು. "ಒಂದು, ಮುಂದಿನ ಭಾಗ ಎರಡು ಇಂಚು ಎತ್ತಿ ಹಿಂದಿನದಕ್ಕೆ ಸಮ ಮಾಡೋದು. ಗಾಜು ನೆಟ್ಟಗೆ ನಿಲ್ಲುತ್ತೆ, ಅಡಿ ಕಲ್ಲಿಗೆ ತಾಗಲ್ಲ. ಇನ್ನೊಂದು, ಹಿಂದೆ ಜಾಸ್ತಿ, ಮುಂದೆ ಕಮ್ಮಿ, ಎರಡೂ ತಗ್ಗಿಸೋದು. ಆಗ್ಲೂ ಸಮ ಆಗುತ್ತೆ. ಹತ್ತೋದು ಇಳಿಯೋದು, ಹೇರೋದು ಸುಲಭ. ಆದ್ರೆ ಗುಂಡಿ ಸಿಕ್ಕಾಗ ಹೊಟ್ಟೆ ಉಜ್ಜುತ್ತೆ."

"ನೀವಾಗಿದ್ರೆ ಏನು ಮಾಡ್ತಿದ್ರಿ?"

"ಗಾಡಿ ನಿಮ್ದು."

"ಯೋಚನೆ ಮಾಡಿ ಹೇಳ್ತೀನಿ," ಅಂದು ಹೋದ.

ಯೋಚನೆ ಮಾಡಲು ಅವನು ತೆಗೆದುಕೊಂಡದ್ದು ಹತ್ತು ವಾರ.

ವಾರಕ್ಕೆ ಎರಡು ಸಲ ಬರುತ್ತಿದ್ದ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ, ಬೀದಿಯ ಗದ್ದಲ ಸ್ವಲ್ಪ ಅಡಗಿದಾಗ, ಪಿಕಪ್ಪಿನ ಶಬ್ದ ಕೇಳುತ್ತಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡೇ, "ಬಂದ ನೋಡು ನಿನ್ನ ಅಡ್ಡಗೋಡೆ ಮೇಲಿನ ದೀಪ," ಅನ್ನುತ್ತಿದ್ದ. ಒಂದು ದಿನ "ಸಮಾನೇ ಸರಿ ಅನ್ಸುತ್ತೆ" ಅನ್ನುವನು. ಮೂರು ದಿನ ಬಿಟ್ಟು ಬಂದು "ತಗ್ಗಿಸಿದ್ರೆ ಹೇಗೆ?" ಅನ್ನುವನು. ಅವಳು ಪ್ರತಿ ಸಲವೂ ಟೇಪು ತೆಗೆದು, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು, ಹೋದ ವಾರ ಎಷ್ಟಿತ್ತೋ ಅಷ್ಟೇ ಇದೆ ಅಂತ ಹೇಳುವಳು. ಕಬ್ಬಿಣ ವಾರಕ್ಕೊಮ್ಮೆ ಬೆಳೆಯುತ್ತದೆಯೇ? ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಅಳೆಯುವಳು, ಅವನು ಟೇಪಿನ ಆ ತುದಿ ಹಿಡಿಯುವನು.

ವರ್ಕ್‌ಶಾಪಿನ ಪಕ್ಕದ ಕೋಣೆಯ ಕಿಟಕಿಗೆ ಮೂರು ವರ್ಷದಿಂದ ರಟ್ಟು ಹೊಡೆದಿತ್ತು. ಒಂದು ದಿನ ಅವನು ಹೇಳದೆ ಕೇಳದೆ ಗಾಜು ತಂದು ಕೂರಿಸಿದ. ಅಂಚಿಗೆ ಗಾಜು ಹಿಡಿಸುವ ಪುಟ್ಟಿ ಒತ್ತುತ್ತ ಒತ್ತುತ್ತ, "ಇನ್ನು ಮೇಲೆ ನಾನು ಬರೋದು ದೂರದಿಂದಲೇ ಕಾಣುತ್ತೆ ನಿಮಗೆ," ಅಂದ.

"ನೀವು ಬರೋದನ್ನ ಯಾರು ಕಾಯ್ತಿದ್ದಾರೆ?"

"ನಿಮ್ಮಪ್ಪ," ಅಂದ ನಗದೆ.

ಅವಳು ಸ್ಪ್ಯಾನರ್ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಎದುರಿನ ಗೋಡೆಯ ಸಣ್ಣ ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಅವನು ಅವಳ ಬೆನ್ನನ್ನು ನೋಡುತ್ತ, ಪುಟ್ಟಿ ಹತ್ತಿದ ಬೆರಳನ್ನು ಹಾಗೇ ಎತ್ತಿ ಹಿಡಿದು ನಿಂತಿದ್ದ, ಪಾಠ ಮರೆತ ಹುಡುಗನ ಹಾಗೆ. ಅವಳಿಗೆ ಮೈಯೆಲ್ಲ ಬೆಚ್ಚಗಾಯಿತು. ಮೂವತ್ತಾರು ವರ್ಷದ ಹೆಂಗಸಿಗೆ ಇದೆಲ್ಲ ಆಗಬಾರದು ಅಂತ ಯಾರೂ ಬರೆದಿಟ್ಟಿಲ್ಲವಲ್ಲ. ಆಯಿತು ಅಷ್ಟೆ.

ಒಮ್ಮೆ ಮಾತ್ರ ಕೇಳಿದಳು. "ಮನೇಲಿ ಯಾರ್ಯಾರಿದ್ದೀರಿ?"

"ನಾನು, ಗಾಜು. ಇಬ್ಬರೂ ಮಾತು ಕಡಿಮೆ."

ಅದನ್ನು ಉತ್ತರ ಅಂತ ತೆಗೆದುಕೊಂಡಳು. ಉಳಿದ ಗಿರಾಕಿಗಳನ್ನು, ಸುಳ್ಳು ಹೇಳಿದರೆ ಸ್ಪ್ರಿಂಗ್ ಮುರಿದೀತು ಅಂತ ಗದರಿಸಿ, ಸೀಟಿನಲ್ಲಿ ಯಾರು, ಎಷ್ಟು ಜನ, ಎಷ್ಟು ತೂಕ ಅಂತ ಬಾಯಿ ಬಿಡಿಸುವವಳು ಇವನ ಹತ್ತಿರ ಅಷ್ಟಕ್ಕೇ ಸುಮ್ಮನಾದಳು. ಕೇಳಿದರೆ ಉತ್ತರ ಬಂದುಬಿಡುತ್ತದೆ ಅನ್ನುವ ಭಯ. ಕಾರ್ಡು ಡ್ರಾಯರಿನಲ್ಲಿತ್ತು. ಅದರ ಮೂರನೆಯ ಸಾಲಿನಲ್ಲಿ ಯಾರು ಇರಬೇಕು ಅನ್ನುವುದು ಅವಳ ಮನಸ್ಸಿನಲ್ಲಿ ಆಗಲೇ ಬರೆದಾಗಿತ್ತು. ಇಷ್ಟು ದಿನಕ್ಕೆ ಒಂದೇ ಒಂದು ಆಸೆ. ಆ ಸೀಟು ತನ್ನದಾಗಬೇಕು.

ಹತ್ತನೆಯ ವಾರ ಅವನೇ ಗಾಡಿಯ ಪಕ್ಕದ ಸೀಟಿನ ಬಾಗಿಲು ತೆರೆದು, "ಒಂದ್ಸಲ ಹತ್ತಿ ಕೂತು ನೋಡಿ," ಅಂದ.

"ನಾನ್ಯಾಕೆ?"

"ಹತ್ತೋದು ಕಷ್ಟಾನಾ ಅಂತ ಗೊತ್ತಾಗಬೇಕಲ್ಲ. ನಂಗೆ ಕಾಲು ಉದ್ದ, ನಂಗೆ ತಿಳಿಯಲ್ಲ."

ಇಂಚಕ್ಕ ಗಿಡ್ಡ. ಒಂದು ಕಾಲಿಟ್ಟು ಎಗರಿದಳು, ಸಾಲಲಿಲ್ಲ. ಅವನು ತೋಳು ಚಾಚಿದ. ಅವಳು ಅದನ್ನು ಹಿಡಿದು ಹತ್ತಿ ಕೂತಳು. ಹತ್ತಿಯಾದ ಮೇಲೂ ಒಂದು ಉಸಿರಿನಷ್ಟು ಹೊತ್ತು ಕೈ ಹಾಗೇ ಇತ್ತು. ಬಿಡಬೇಕಾದವಳು ಅವಳು, ಬಿಡಲಿಲ್ಲ. ಬಿಡಿಸಿಕೊಳ್ಳಬೇಕಾದವನು ಅವನು, ಬಿಡಿಸಿಕೊಳ್ಳಲಿಲ್ಲ. ಗಾಡಿಯೊಳಗೆ ಪುಟ್ಟಿಯ ವಾಸನೆ, ಬಿಸಿಲಿಗೆ ಕಾದ ಸೀಟಿನ ವಾಸನೆ.

"ಸ್ವಲ್ಪ ತಗ್ಗಿದ್ರೆ ಸುಲಭ ಆಗುತ್ತೆ ಅಲ್ವಾ," ಅಂದ ಅವನು ಮೆಲ್ಲಗೆ. "ದಿನಾ ಹತ್ತಿ ಇಳಿಯೋರಿಗೆ?"

"ಎರಡೂವರೆ ಇಂಚು," ಅಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

ಅವನು ಅವಳನ್ನು ಬಹಳ ಹೊತ್ತು ನೋಡಿದ. "ನೀವೇ ಯೋಚನೆ ಮಾಡಿ ಹೇಳಿ. ಸಮಾನೋ, ತಗ್ಗೋ. ನೀವು ಏನು ಹೇಳ್ತೀರೋ ಅದೇ. ನನ್ನ ಕೈಲಿ ಆಗ್ತಿಲ್ಲ."

ಆ ರಾತ್ರಿ ಅವಳು ನಿದ್ದೆ ಮಾಡಲಿಲ್ಲ ಅಂತ ನೀವು ಅಂದುಕೊಂಡಿದ್ದರೆ ತಪ್ಪು. ಹೆಂಗಸು ಹೊಟ್ಟೆ ತುಂಬ ಉಂಡು ಸೊಗಸಾಗಿ ನಿದ್ದೆ ಮಾಡಿದಳು. ಬೆಳಗ್ಗೆ ಎದ್ದು ಹಾಡು ಗುನುಗಿದಳು. ಅಪ್ಪನಿಗೆ ಅದೇ ಸಾಕಾಯಿತು.

"ಏನೇ, ಅವನು ಗಾಡಿ ತೋರಿಸೋಕೆ ಬರ್ತಾನೋ, ನಿನ್ನ ನೋಡೋಕೆ ಬರ್ತಾನೋ?"

"ಎರಡಕ್ಕೂ ಬರ್ಲಿ ಬಿಡಪ್ಪ."

"ಬರ್ಲಿ, ನಂಗೇನು ಹೊಟ್ಟೆಯುರೀನಾ? ಆದ್ರೆ ಕೆಲಸ ಕೆಲಸವೇ. ಏನು ಮಾಡ್ತೀಯ ಅದಕ್ಕೆ?"

"ತಗ್ಗಿಸ್ತೀನಿ."

ಅಪ್ಪ ಸೀಟಿನಲ್ಲಿ ನೆಟ್ಟಗೆ ಕೂತ. "ಏನಂದೆ? ಗಾಜು ಹೊತ್ಕೊಂಡು ಕಲ್ಲು ಜಲ್ಲೀಲಿ ಓಡಾಡೋ ಗಾಡಿ ಅದು. ಅದನ್ನ ತಗ್ಗಿಸೋದಾ? ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋರು ಮಾಡಿಸ್ಕೊಳೋ ಕೆಲಸ ಅದು. ಮುಂದೆ ಎರಡು ಇಂಚು ಎತ್ತು, ಸಮ ಮಾಡು, ಕಳಿಸು. ಕುರುಡನೂ ಹೇಳ್ತಾನೆ."

"ಹೇರೋದು ಇಳಿಸೋದು ಸುಲಭ ಆಗುತ್ತಪ್ಪ. ಅವರ ಬೆನ್ನಿಗೆ ಒಳ್ಳೇದು."

"ಅವನ ಬೆನ್ನು ಯಾವಾಗ ನೋಡಿದೆ ನೀನು?" ಅಪ್ಪ ಕಣ್ಣು ಕಿರಿದು ಮಾಡಿದ. "ಮೂರನೇ ಪ್ರಶ್ನೆ ಕೇಳಿದ್ಯಾ?"

"ಕೇಳಿದ್ದೀನಿ."

ಅಪ್ಪನಿಗೆ ಅವಳು ಗಾಡಿಯ ವಿಷಯದಲ್ಲಿ ಹೇಳಿದ ಮೊದಲ ಸುಳ್ಳು ಅದು. ಸಮ ಮಾಡುವುದೇ ಸರಿ ಅಂತ ಅವಳಿಗೂ ಗೊತ್ತಿತ್ತು, ಮೊದಲ ದಿನ ಕಂದು ಬೂಟು ಕಂಡಾಗಲೇ ಗೊತ್ತಿತ್ತು. ಆದರೆ ಸಮ ಮಾಡಿದರೆ ಮುಂದೆ ಇನ್ನೂ ಎರಡು ಇಂಚು ಎತ್ತರ. ಅವಳ ಕಾಲಿಗೆ ಆ ಸೀಟು ಇನ್ನೂ ದೂರ. ಇಷ್ಟೇ ಅವಳ ಲೆಕ್ಕ. ಊರಿಗೆಲ್ಲ ಅಳತೆ ಹೇಳುವವಳು ತನ್ನ ವಿಷಯ ಬಂದಾಗ ಕಣ್ಣಳತೆಗೆ ಇಳಿದಳು.

ಮುಂದಿನ ಸಲ ಅವನು ಬಂದಾಗ ಅವಳು ಮುನ್ನುಡಿ ಹಾಕಲಿಲ್ಲ. "ತಗ್ಗಿಸೋಣ."

ಅವನ ಮುಖ ಒಂದು ಗಳಿಗೆ ಖಾಲಿಯಾಯಿತು. "ತಗ್ಗೇನಾ? ಸಮ ಬೇಡ್ವಾ?"

"ತಗ್ಗು. ನೋಡ್ತಾ ಇರಿ, ಚೆನ್ನಾಗಿರುತ್ತೆ."

"ಇನ್ನೊಂದ್ಸಲ ಯೋಚನೆ ಮಾಡಿ. ನಿಮ್ಮಪ್ಪ ಸಮ ಅಂತಿದ್ರಲ್ಲ? ಆತುರ ಏನಿಲ್ಲ. ಇನ್ನೊಂದು ವಾರ ತಗೊಳ್ಳಿ."

"ಹತ್ತು ವಾರ ಆಯ್ತು ಸ್ವಾಮಿ! ನಾನು ಹೇಳಿದ್ದೇ ಕೊನೆ ಅಂದಿದ್ರಿ ತಾನೆ? ತಗ್ಗಿಸೋದೇ."

ಅವನು ತಲೆಯಾಡಿಸಿದ. ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಮಡಚಿದ. ಅವಳಿಗೆ ಅದು ಸಿಹಿಯಾಗಿ ಕಂಡಿತು. ಅವನ ಕೈ ತಣ್ಣಗಿದ್ದದ್ದು ಗಮನಕ್ಕೆ ಬಂತು, ಆದರೆ ಅದಕ್ಕೆ ಅರ್ಥ ಹುಡುಕಲಿಲ್ಲ.

ಎರಡು ದಿನ ಆ ಗಾಡಿಯೊಂದೇ ಅವಳ ಪ್ರಪಂಚ. ಹಿಂದಿನ ಸ್ಪ್ರಿಂಗಿನಿಂದ ಒಂದು ಪ್ಲೇಟು ತೆಗೆದಳು, ಕೊಂಡಿ ಬದಲಾಯಿಸಿದಳು, ಮುಂದೆ ಇಳಿಸಿದಳು. ಯಾರೂ ಇಲ್ಲದಾಗ ಬಾಗಿಲು ತೆರೆದು ತನ್ನ ಮಂಡಿಯನ್ನು ಆ ಅಂಚಿಗೆ ಹಿಡಿದು ನೋಡಿದಳು. ಇನ್ನರ್ಧ ಇಂಚು. ಮತ್ತೆ ಇಳಿಸಿದಳು. ಈಗ ಎಗರುವುದೇ ಬೇಡ, ಕುರ್ಚಿಯಲ್ಲಿ ಕೂತ ಹಾಗೆ ಕೂರಬಹುದು. ನಾಲ್ಕು ಸಲ ಕೂತು ಎದ್ದಳು. ಕಿಟಕಿಯ ಗಾಜು ಇಳಿಸಿ ಮೊಣಕೈ ಹೊರಗಿಟ್ಟು ನೋಡಿದಳು. ಅಪ್ಪ ಬಾಗಿಲ ಬಳಿಯಿಂದ ಎಲ್ಲವನ್ನೂ ಕಂಡ. ಅವನ ಬಾಯಿಗೆ ಮೊದಲ ಸಲ ಕೆಲಸವಿಲ್ಲದಾಯಿತು.

ಗಾಡಿ ಒಯ್ಯುವ ದಿನ ಅವಳು ಸೀಮೆಎಣ್ಣೆಯಲ್ಲಿ ಅರ್ಧ ಗಂಟೆ ಕೈ ತೊಳೆದಳು. ಹಸಿರು ಅಂಗಿ ಹಾಕಿಕೊಂಡಳು. ಅದನ್ನು ಹೊಲಿಸಿ ಎರಡು ವರ್ಷವಾಗಿತ್ತು, ಹಾಕಿಕೊಳ್ಳಲು ಕಾರಣ ಸಿಕ್ಕಿರಲಿಲ್ಲ.

ಅವನು ಬಂದ. ಗಾಡಿಯ ಸುತ್ತ ಒಂದು ಸುತ್ತು ಬಂದ. ಬಾಗಿಲು ತೆರೆದು ಸೀಟಿನ ಎತ್ತರ ನೋಡಿದ. ಆಮೇಲೆ ಅವಳನ್ನು ನೋಡಿದ, ಹಸಿರು ಅಂಗಿಯನ್ನು ನೋಡಿದ, ನೆಲ ನೋಡಿದ.

"ಒಂದು ರೌಂಡ್ ಹೋಗಿ ನೋಡೋಣ್ವಾ?" ಅಂದಳು.

"ನಿಮಗೊಂದು ವಿಷಯ ಹೇಳ್ಬೇಕು."

ಇದೇ ಮಾತಿಗೆ ಹತ್ತು ವಾರ ಕಾದಿದ್ದಳು. "ಹೇಳಿ," ಅಂದಳು, ಮುಖದಲ್ಲಿ ನಗು ಆಗಲೇ ಬಂದು ನಿಂತಿತ್ತು.

"ನನಗೆ ಹೆಂಡತಿ ಇದ್ದಾಳೆ."

ನಗುವಿಗೆ ತಕ್ಷಣ ಇಳಿಯಲು ಗೊತ್ತಾಗುವುದಿಲ್ಲ. ಅದು ಅವಳ ಮುಖದ ಮೇಲೆ ಹಾಗೇ ನಿಂತಿತ್ತು.

ಅವನು ನಿಲ್ಲಿಸದೆ ಹೇಳಿದ. ಐದು ವರ್ಷದ ಹಿಂದೆ ಜಗಳವಾಡಿಕೊಂಡು ಹೆಂಡತಿ ತನ್ನ ಅಕ್ಕನ ಮನೆಗೆ ಹೋದಳು. ಅವನು ಕರೆಯಲಿಲ್ಲ, ಅವಳು ಬರಲಿಲ್ಲ. ಮೂರು ತಿಂಗಳ ಹಿಂದೆ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿಯಿತು. ಅಕ್ಕನಿಗೆ ನೋಡಿಕೊಳ್ಳಲು ಆಗುತ್ತಿಲ್ಲ. ಫೋನ್ ಮಾಡಿ, ವಾಪಸ್ ಬರಲಾ ಅಂತ ಕೇಳಿದಳು. ಎತ್ತರಕ್ಕೆ ಕಾಲು ಎತ್ತಲಾಗುವುದಿಲ್ಲ ಅವಳಿಗೆ. ಅದಕ್ಕೇ ಮೊದಲ ದಿನ ಇಲ್ಲಿಗೆ ಬಂದದ್ದು, ಮೂತಿಯ ಮಾತು ಬರೀ ನೆಪ.

"ಅದಕ್ಕೆ ಗಾಡಿ ತಗ್ಗಿಸ್ಬೇಕಿತ್ತಾ?" ಇಂಚಕ್ಕನ ದನಿ ಅವಳ ಕೆಲಸದ ದನಿಯೇ ಆಗಿತ್ತು. ಬೇರೆ ದನಿ ಸಿಗಲಿಲ್ಲ. "ಬಾಗಿಲ ಕೆಳಗೆ ಒಂದು ಫುಟ್‌ಸ್ಟೆಪ್ ಹಾಕಿಸಿದ್ರೆ ಸಾಕಿತ್ತಲ್ಲ. ಅರ್ಧ ಗಂಟೆ ಕೆಲಸ."

"ಗೊತ್ತು."

"ಗೊತ್ತಾ?"

"ಎರಡನೇ ಸಲ ಬಂದಾಗಲೇ ಗೊತ್ತಿತ್ತು. ಆಮೇಲೆ ಬಂದಿದ್ದು ಗಾಡಿಗಲ್ಲ." ಅವನು ಕಿವಿಯ ಮೇಲಿನ ಪೆನ್ಸಿಲು ತೆಗೆದು ಬೆರಳಲ್ಲಿ ಹೊರಳಿಸಿದ. "ಅವಳಿಗೆ ಬಾ ಅನ್ನೋಕೂ ಆಗಲಿಲ್ಲ, ಬೇಡ ಅನ್ನೋಕೂ ಆಗಲಿಲ್ಲ. ನೀವು ಹತ್ತಿ ಕೂತ್ರಲ್ಲ, ಆವತ್ತು ಮನಸ್ಸಲ್ಲೇ ಒಂದು ನಿಶ್ಚಯ ಮಾಡ್ಕೊಂಡೆ. ನೀವು ಸಮ ಮಾಡೋಣ ಅಂದ್ರೆ, ಅವಳಿಗೆ ಬರಬೇಡ ಅಂತ ಹೇಳಿಬಿಡೋದು, ನಿಮ್ಮನ್ನ ಕೇಳೋದು. ತಗ್ಗಿಸೋಣ ಅಂದ್ರೆ ಅವಳನ್ನ ಕರ್ಕೊಂಡು ಬರೋದು. ನೀವು ಸಮ ಅಂತಾನೇ ಹೇಳ್ತೀರಿ ಅಂತ ನಂಬಿದ್ದೆ. ಕೆಲಸ ಬಲ್ಲೋರು ನೀವು. ಸರಿಯಾದ್ದು ಅದೇ ಅಲ್ವಾ?"

ಇಂಚಕ್ಕ ತಗ್ಗಿದ ಗಾಡಿಯನ್ನು ನೋಡಿದಳು. ಸಮ ಅನ್ನಬೇಕಿತ್ತು. ಅಪ್ಪ ಹೇಳಿದ ಹಾಗೆ, ಕುರುಡನೂ ಹೇಳುವ ಹಾಗೆ, ನಲವತ್ತು ವರ್ಷದ ಪದ್ಧತಿ ಹೇಳಿದ ಹಾಗೆ, ಸಮ ಅನ್ನಬೇಕಿತ್ತು. ಒಂದೇ ಒಂದು ಸಲ ಕೆಲಸಕ್ಕೆ ಮೋಸ ಮಾಡಿದ್ದಳು.

"ನಿಮ್ಮ ಬಾಯಿಗೇನಾಗಿತ್ತು?" ಅಂದಳು. ಈಗ ಅದು ಕೆಲಸದ ದನಿಯಾಗಿರಲಿಲ್ಲ. "ನನ್ನ ಬದುಕನ್ನ ನಾಣ್ಯದ ಥರ ಚಿಮ್ಮಿ ನೋಡಿದ್ರಾ? ನಾನು ಆಡ್ತಿದ್ದೀನಿ ಅಂತ ನನಗೇ ಹೇಳದೆ? ಅವಳ ಬದುಕನ್ನೂ ಚಿಮ್ಮಿದ್ರಿ. ಇಬ್ಬರು ಹೆಂಗಸರನ್ನ ಒಂದು ಗಾಡಿ ಸ್ಪ್ರಿಂಗಿಗೆ ಕಟ್ಟಿ ಕೂತಿದ್ರಲ್ಲ, ಎಂಥಾ ಗಂಡಸು ನೀವು?"

"ಹೇಡಿ," ಅಂದ. ಆ ಒಂದು ಮಾತಿನಲ್ಲಿ ಮಾತ್ರ ಅವನು ಅಡ್ಡಗೋಡೆ ಹುಡುಕಲಿಲ್ಲ.

"ನಾನು ತಗ್ಗಿಸೋಣ ಅಂದಿದ್ದು ಯಾಕೆ ಅಂತ ಗೊತ್ತಾ?" ಅವಳು ಗಾಡಿಯ ಬಾಗಿಲನ್ನು ಅಗಲವಾಗಿ ತೆರೆದಳು. "ನಾನು ಹತ್ತೋಕೆ. ದಿನಾ ಹತ್ತಿ ಇಳಿಯೋರಿಗೆ ಅಂದ್ರಲ್ಲ, ಅದು ನಾನೇ ಅಂದ್ಕೊಂಡೆ. ನನ್ನ ಮಂಡಿಗೆ ಹಿಡಿದು ಅಳತೆ ಮಾಡಿ ಇಳಿಸಿದ್ದೀನಿ. ನೋಡಿ, ಸರಿಯಾಗಿ ಇಲ್ಲಿಗೆ ಬರುತ್ತೆ."

ಅವನ ಕಣ್ಣು ತುಂಬಿ ಬಂತು. ಅದನ್ನು ನೋಡಿ ಅವಳಿಗೆ ಇನ್ನೂ ಕೋಪ ಬಂತು. ಅಳುವುದಕ್ಕೂ ಇವನೇ ಮೊದಲು ಬರಬೇಕೇ?

ಕೋಪದ ಹಿಂದೆಯೇ ಆಸೆ ಬಂತು, ನಾಚಿಕೆಗೆಟ್ಟ ಆಸೆ. "ವಾಪಸ್ ಎತ್ತೋಕೆ ಎರಡು ಗಂಟೆ ಸಾಕು," ಅಂದಳು, ಅವನ ಮುಖ ನೋಡದೆ.

ಅವಳು ತೆರೆದಿದ್ದ ಬಾಗಿಲನ್ನು ಅವನು ಮೆಲ್ಲಗೆ ಮುಚ್ಚಿದ.

"ನೀವು ತಗ್ಗು ಅಂದ ದಿನಾನೇ ಅವಳಿಗೆ ಫೋನ್ ಮಾಡಿದೆ. ಬಾ ಅಂದೆ. ಅತ್ತುಬಿಟ್ಟಳು. ಪೆಟ್ಟಿಗೆ ಕಟ್ಟಿಟ್ಕೊಂಡು ಕೂತಿದ್ದಾಳೆ." ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು, "ಇನ್ನೊಂದ್ಸಲ ಅವಳನ್ನ ಬಿಡೋಕೆ ನನ್ನ ಕೈಲಾಗಲ್ಲ," ಅಂದ.

"ಹಾಗಾದ್ರೆ ನಿಂತಿರೋದ್ಯಾಕೆ? ಹೋಗಿ, ಕರ್ಕೊಂಡು ಬನ್ನಿ."

ಅವನು ಹತ್ತಿ ಕೂತು ಸ್ಟಾರ್ಟ್ ಮಾಡಿದ. ಅವಳು ಅಭ್ಯಾಸದ ಬಲದಿಂದ, ಪ್ರತಿ ಗಿರಾಕಿಗೂ ಹೇಳುವ ಹಾಗೆ, "ಐನೂರು ಕಿಲೋಮೀಟರ್ ಆದ್ಮೇಲೆ ಒಂದ್ಸಲ ತನ್ನಿ, ನಟ್ಟು ಬಿಗಿ ನೋಡ್ಬೇಕು," ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆಡಿದ ಮಾತು ಆಗಿಹೋಗಿತ್ತು.

ಬರಲಾರ ಅಂದುಕೊಂಡಿದ್ದಳು. ಮೂರು ವಾರದ ಮೇಲೆ, ಅದೇ ಮಧ್ಯಾಹ್ನದ ಹೊತ್ತು, ಹೊಸ ಗಾಜಿನ ಕಿಟಕಿಯಲ್ಲಿ ದೂರದಿಂದಲೇ ಕಂಡಿತು. ಕಾಣುವ ಹಾಗೆ ಅವನೇ ಕೂರಿಸಿದ್ದ ಗಾಜು.

ಪಕ್ಕದ ಸೀಟಿನಲ್ಲಿ ಒಬ್ಬ ಹೆಂಗಸು. ಮುಖ ಸಣ್ಣಗೆ ಸೊರಗಿತ್ತು. ಕಾಲ ಬಳಿ ಒಂದು ಊರುಗೋಲು.

"ನೀವೇನಾ ಇಂಚಕ್ಕ?" ಅಂದಳು ಆಕೆ, ಕಿಟಕಿಯಿಂದ ಮೊಣಕೈ ಹೊರಗಿಟ್ಟುಕೊಂಡು. "ಬರೋದೇ ಬೇಡ ಅಂತಿದ್ರು ಇವ್ರು. ನಾನೇ ಹಟ ಮಾಡಿ ಕರ್ಕೊಂಡು ಬಂದೆ, ನಿಮ್ಮನ್ನ ನೋಡ್ಬೇಕಿತ್ತು. ಎಷ್ಟು ಚೆನ್ನಾಗಿ ಮಾಡಿದ್ದೀರಿ! ನಂಗೆ ಕಾಲು ಎತ್ತೋದೇ ಬೇಡ. ನನ್ನ ಅಳತೆ ತಗೊಂಡೇ ಮಾಡಿದ ಹಾಗಿದೆ."

"ಹೌದಾ," ಅಂದಳು ಇಂಚಕ್ಕ.

"ಹೂಂ ಮತ್ತೆ. ನಿಮ್ಮದೂ ನನ್ನಷ್ಟೇ ಎತ್ತರ ಅಲ್ವಾ? ಅದಕ್ಕೇ ಗೊತ್ತಾಗಿದೆ ನಿಮಗೆ. ಗಂಡಸರಿಗೆ ಎಲ್ಲಿ ತಿಳಿಯುತ್ತೆ ಇದೆಲ್ಲ."

ಗಂಡಸು ಅಷ್ಟು ದೂರದಲ್ಲಿ ನಿಂತು ತನ್ನ ಬೂಟು ನೋಡುತ್ತಿದ್ದ. ಆಕೆ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು! ಬೈದುಕೊಳ್ಳಲು ಯಾರಾದರೂ ಒಬ್ಬರು ಸಿಗುತ್ತಿದ್ದರು. ಆಕೆ ನಗುವಾಗ ಸೊಂಟ ನೋಯುತ್ತದೆ ಅಂತ ಅಂಗೈಯಲ್ಲಿ ಪಕ್ಕೆ ಒತ್ತಿ ಹಿಡಿದು ನಗುವ ಹೆಂಗಸು.

ಇಂಚಕ್ಕ ಚಕ್ರದ ಹಲಗೆಯ ಮೇಲೆ ಮಲಗಿ ಗಾಡಿಯ ಅಡಿಗೆ ಸರಿದಳು. ತಗ್ಗಿಸಿದ ಗಾಡಿ, ಮೂಗಿಗೆ ತಾಗುವಷ್ಟು ಹತ್ತಿರ ಕಬ್ಬಿಣ. ಹೊಟ್ಟೆಯ ಮೇಲೆ ಆಗಲೇ ನಾಲ್ಕು ಉಜ್ಜಿದ ಗೆರೆ ಬಿದ್ದಿದ್ದವು. ಅಲ್ಲಿ ಅವಳ ಮುಖ ಯಾರಿಗೂ ಕಾಣುತ್ತಿರಲಿಲ್ಲ, ಅಲ್ಲಿ ಅತ್ತಳು. ಮೇಲಿನಿಂದ ಆಕೆಯ ಮಾತು ಕೇಳುತ್ತಲೇ ಇತ್ತು. ಅಕ್ಕನ ಮನೆಯ ಮೆಟ್ಟಿಲು, ಡಾಕ್ಟರು, ಐದು ವರ್ಷದಲ್ಲಿ ಮನೆಯಲ್ಲಿ ಒಂದು ಪಾತ್ರೆಯೂ ಜಾಗ ಬದಲಾಯಿಸಿರಲಿಲ್ಲವಂತೆ. ಇಂಚಕ್ಕ ಒಂದೊಂದೇ ನಟ್ಟಿಗೆ ಸ್ಪ್ಯಾನರ್ ಹಾಕಿದಳು. ಒಂದು ಅರ್ಧ ಸುತ್ತು ಸಡಿಲವಾಗಿತ್ತು. ಅದನ್ನು ಬಿಗಿ ಮಾಡಿದಳು. ಇನ್ನೊಮ್ಮೆ ಹೋಗಿ ನೋಡಿ, ಮತ್ತೊಮ್ಮೆ ಬಿಗಿ ಮಾಡಿದಳು. ಕೆಲಸಕ್ಕೆ ಎರಡನೆಯ ಸಲ ಮೋಸ ಮಾಡುವುದು ಅವಳಿಂದಾಗದು.

ಹೊರಗೆ ಬಂದು ಮುಖ ಒರೆಸಿಕೊಂಡು ನಾಲ್ಕೂ ಚಕ್ರ ಅಳೆದಳು. ಟೇಪಿನ ಆ ತುದಿ ಹಿಡಿಯಲು ಅವನು ಒಂದು ಹೆಜ್ಜೆ ಮುಂದೆ ಬಂದ. "ಬೇಡ," ಅಂದಳು. ತುದಿಯನ್ನು ಮಂಡಿಯಲ್ಲಿ ಒತ್ತಿ ಹಿಡಿದು ಒಬ್ಬಳೇ ಅಳೆದಳು.

"ಎಲ್ಲಾ ಸರಿ ಇದೆ. ಇನ್ನು ಇಲ್ಲಿಗೆ ತರಬೇಡಿ," ಅಂದಳು ಅವನಿಗಷ್ಟೇ ಕೇಳುವ ಹಾಗೆ. "ಏನೇ ಆದ್ರೂ ಬೇರೆ ಕಡೆ ತೋರಿಸ್ಕೊಳ್ಳಿ."

"ಹೂಂ," ಅಂದ. ಆಮೇಲೆ, "ಕಿಟಕಿ ಗಾಜು ಸಡಿಲ ಆದ್ರೆ..."

"ಆಗಲ್ಲ. ಆದ್ರೆ ರಟ್ಟು ಹೊಡೀತೀನಿ."

ಆಕೆ ಕಿಟಕಿಯಿಂದ ಕೈ ಬೀಸಿದಳು. ಇಂಚಕ್ಕನೂ ಕೈ ಎತ್ತಿದಳು. ಗಾಡಿ ಬೀದಿಯ ತಿರುವಿನಲ್ಲಿ, ತಗ್ಗಾಗಿ, ಸಮವಾಗಿ, ಒಂದಿಷ್ಟೂ ವಾಲದೆ ಹೋಯಿತು.

ಒಳಗೆ ಬಂದು ಡ್ರಾಯರಿನಿಂದ ಕಾರ್ಡು ತೆಗೆದಳು. ಇಂದಿನ ಅಳತೆ ಬರೆದಳು. ಪೆನ್ನು ಮೂರನೆಯ ಸಾಲಿನ ಹತ್ತಿರ ನಿಂತಿತು. ಪಕ್ಕದ ಸೀಟಲ್ಲಿ ದಿನಾ ಯಾರು ಕೂರ್ತಾರೆ? ಅದರ ಮುಂದೆ "ಹೆಂಡತಿ" ಅಂತ ಬರೆದಳು. ಅಕ್ಷರ ಸ್ವಲ್ಪವೂ ಸೊಟ್ಟಗಾಗಲಿಲ್ಲ.

ಅಪ್ಪ ತನ್ನ ಸೀಟಿನಿಂದ ಎದ್ದು ಬಂದು ಅವಳ ಹೆಗಲ ಮೇಲಿನಿಂದ ಕಾರ್ಡು ನೋಡಿದ. ನಡುಗುವ ಕೈಯನ್ನು ಅವಳ ತಲೆಯ ಮೇಲಿಟ್ಟ.

"ಕೇಳಿದ್ದೀನಿ ಅಂದಿದ್ಯಲ್ಲೇ?"

"ಕೇಳಿರ್ಲಿಲ್ಲ ಅಪ್ಪ," ಅಂದಳು ಇಂಚಕ್ಕ. "ಮೊದಲ ದಿನಾನೇ ಕೇಳ್ಬೇಕಿತ್ತು."